ಮಗುಚಿ ಬಂದ ಮಾತು

ನನ್ನವ್ವನ ಫೋನಿಗೆ ಮಂಗಳವಾರ ಬೆಳಿಗ್ಗೆ ಬಂದ ಮೆಸೇಜು ತಲೆಕೆಳಗಾಗಿತ್ತು. ಅರ್ಥ ತಲೆಕೆಳಗು ಅಂತಲ್ಲ, ಅಕ್ಷರಗಳೇ ಬಾವಲಿಗಳ ಹಾಗೆ ಕಾಲು ಮೇಲೆ ಮಾಡಿಕೊಂಡು ನೇತಾಡುತ್ತಿದ್ದವು. ಹೀಗೆ:

ɐʇʎɐɐ ɐʇoo ɐʞʞɐ

"ಭಾಗ್ಯಾ, ಬಾರೇ ಇಲ್ಲಿ. ಫೋನಲ್ಲಿ ಇರುವೆ ಅರ್ದಾಡ್ತಾ ಅವೆ ನೋಡು" ಎಂದಳು ಅವ್ವ. ಮೊರದ ತುಂಬ ಅವರೆಕಾಯಿ ಇಟ್ಟುಕೊಂಡು ಜಗಲಿಯಲ್ಲಿ ಕೂತಿದ್ದಳು.

ನಾನು ಬೂವನಹಳ್ಳಿಯ ಅಂಗನವಾಡಿಯಲ್ಲಿ ಹದಿನೆಂಟು ವರ್ಷದಿಂದ ಟೀಚರು. ಯಾವ ಮಗುವಿನ ತೂಕ ಎಷ್ಟು, ಯಾವ ಮಗು ಮೊಟ್ಟೆ ತಿಂತು, ಯಾವುದು ಉಗುಳಿತು, ಎಲ್ಲವನ್ನೂ ಆ್ಯಪಿಗೆ ತುಂಬಿ ತುಂಬಿ ನನ್ನ ಹೆಬ್ಬೆರಳು ಸವೆದಿದೆ. ಫೋನೆಂದರೆ ನನಗೆ ಮೈಯೆಲ್ಲ ಉರಿ. ಆದರೂ ಇಸಿದುಕೊಂಡು ನೋಡಿದೆ. ಇಂಗ್ಲಿಷ್ ಅಂದರೆ ಇಂಗ್ಲಿಷಲ್ಲ, ಇಂಗ್ಲಿಷಲ್ಲ ಅಂದರೆ ಇಂಗ್ಲಿಷೇ. ಓದೋಣವೆಂದು ಫೋನನ್ನು ತಿರುಗಿಸಿದೆ. ಫೋನೂ ನನ್ನ ಜೊತೆಗೆ ತಿರುಗಿತು, ಅಕ್ಷರಗಳು ಮತ್ತೆ ತಲೆಕೆಳಗಾದವು. ಇನ್ನೊಂದು ಸಲ ತಿರುಗಿಸಿದೆ. ಅದೂ ಇನ್ನೊಂದು ಸಲ ತಿರುಗಿತು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅನ್ನುತ್ತಾರಲ್ಲ, ಅದು ನನ್ನ ಕೈಯಲ್ಲೇ ನಡೆಯುತ್ತಿತ್ತು.

"ಅದು ಯಾವುದೋ ಕಳ್ಳರ ಮೆಸೇಜು, ಒತ್ತಬೇಡ" ಎಂದೆ.

ಅವ್ವ ನನ್ನ ಮಾತು ಕೇಳಲಿಲ್ಲ. ಕಳಿಸಿದವರ ಫೋಟೋ ಮೇಲೆ ಬೆರಳಿಟ್ಟು ದೊಡ್ಡದು ಮಾಡಿದಳು. ನಾಯಿಕಿವಿ ಅಂಟಿಸಿಕೊಂಡ ಒಬ್ಬ ಹುಡುಗಿ ನಾಲಿಗೆ ಚಾಚಿಕೊಂಡು ನಿಂತಿದ್ದಳು. ಅವ್ವ ಬಹಳ ಹೊತ್ತು ನೋಡಿದಳು.

"ಇವ್ಳ ಮೂಗು ನಂಜೀದು ಕಣೇ" ಎಂದಳು.

ನಂಜಿ ಎಂದರೆ ನಂಜಮ್ಮ, ಅವ್ವನ ಒಬ್ಬಳೇ ತಂಗಿ. ಆ ಹೆಸರು ಅವ್ವನ ಬಾಯಲ್ಲಿ ಬಂದು ಹನ್ನೊಂದು ವರ್ಷವಾಗಿತ್ತು.

ಹನ್ನೊಂದು ವರ್ಷದ ಹಿಂದೆ ಅಜ್ಜಿ ಸತ್ತಾಗ ಅವ್ವ ಅರಕಲಗೂಡಿನಲ್ಲಿ ಒಂದು ಮದುವೆಗೆ ಹೋಗಿದ್ದಳು. ಅಜ್ಜಿ ಇದ್ದದ್ದು ಹೊಳೆನರಸೀಪುರದ ಹತ್ತಿರದ ಅವ್ವನ ತವರೂರಿನಲ್ಲಿ, ಅದೇ ಊರಿಗೆ ಕೊಟ್ಟಿದ್ದ ನಂಜಮ್ಮನ ಮನೆಯಲ್ಲಿ. ಸುದ್ದಿ ತಿಳಿದು, ಬಸ್ಸು ಹಿಡಿದು, ಇಳಿದು, ಓಡಿ ಹೋಗುವಷ್ಟರಲ್ಲಿ ಮಣ್ಣು ಮುಗಿದಿತ್ತು. ಇನ್ನೂ ಹೊತ್ತು ಮುಳುಗಿರಲಿಲ್ಲ. ಅರ್ಧ ಗಂಟೆ ಕಾಯಬಹುದಿತ್ತು, ಕಾಯಲಿಲ್ಲ. ಮೂರನೇ ದಿನ ಸಮಾಧಿಗೆ ಹಾಲುತುಪ್ಪ ಬಿಟ್ಟವಳೇ, ಯಾರ ಮಾತೂ ಕೇಳದೆ, ಅವ್ವ ಸೀದಾ ಆ ಊರಿನ ಬೀರೇದೇವರ ಗುಡಿಗೆ ಹೋಗಿ ಕರ್ಪೂರ ಹಚ್ಚಿ, "ಇನ್ಮೇಲೆ ನಾವಿಬ್ರೂ ಮಾತಾಡಿದ್ರೆ, ಮಾತಾಡ್ದೋಳ ಗಂಟ್ಲು ಕಟ್ಕಳ್ಲಿ" ಎಂದು ಅಂಗೈಯಿಂದ ಆರಿಸಿಬಿಟ್ಟಳು. ನಂಜಮ್ಮನೇನು ಕಡಿಮೆಯೇ? ಇನ್ನೊಂದು ಬಿಲ್ಲೆ ಹಚ್ಚಿ, ಅದೇ ಮಾತು ಹೇಳಿ, ಅವಳೂ ಆರಿಸಿದಳು.

ನಮ್ಮ ಕಡೆ ಸುಮ್ಮನೆ ಮಾತು ಬಿಟ್ಟವರು ಗೋಡೆಯ ಜೊತೆ ಮಾತಾಡುತ್ತಾರೆ. 'ಏ ಗೋಡೆ, ಎಲೆಅಡಿಕೆ ತಟ್ಟೆ ಈಚೆಗೆ ತಳ್ಳು ಅಂತ ಹೇಳು' ಎಂದರೆ ಗೋಡೆಯ ಆಚೆಗಿದ್ದವರು ತಳ್ಳುತ್ತಾರೆ. ಆದರೆ ಕರ್ಪೂರ ಆರಿಸಿದವರಿಗೆ ಆ ಗೋಡೆಯೂ ಇಲ್ಲ. ಆಣೆ ಬಿಡಿಸಬೇಕೆಂದರೆ ಆರಿಸಿದವರಿಬ್ಬರೂ ಒಟ್ಟಿಗೆ ಗುಡಿಗೆ ಬಂದು ತಪ್ಪುಕಾಣಿಕೆ ಕಟ್ಟಿ ತೀರ್ಥ ತಗೋಬೇಕು. ಒಟ್ಟಿಗೆ ಬರಬೇಕೆಂದರೆ ಬಾರೇ ಎಂದು ಒಬ್ಬಳು ಕರೆಯಬೇಕು. ಕರೆದರೆ ಆಣೆ ಮುರಿಯಿತು. ಈ ಕಟ್ಟಳೆ ಮಾಡಿದವರು ಯಾರೋ, ಅವರ ತಲೆಯಲ್ಲಿ ಏನಿತ್ತೋ, ನನಗಂತೂ ಇಂದಿಗೂ ಗೊತ್ತಾಗಿಲ್ಲ.

ಈಗ ಹೊಸ ಸಂಕಟ. ಹಿಂದಿನ ಭಾನುವಾರ ಹೊಳೆನರಸೀಪುರದಿಂದ ಬಂದ ನೆಂಟರೊಬ್ಬರು ಕಾಫಿ ಕುಡಿಯುತ್ತ ಹೇಳಿದ್ದರು: ನಂಜಮ್ಮನ ಗಂಟಲಲ್ಲಿ ಗೆಡ್ಡೆ. ಎಂಟು ದಿನ ಕಳೆದು ಸೋಮವಾರ ಹಾಸನದ ದೊಡ್ಡಾಸ್ಪತ್ರೆಯಲ್ಲಿ ಆಪರೇಷನ್. ದನಿಪೆಟ್ಟಿಗೆಯನ್ನೇ ಪೂರ್ತಿ ತೆಗೆಯುತ್ತಾರಂತೆ. ಜೀವ ಉಳಿಯುತ್ತದೆ, ಮಾತು ಉಳಿಯುವುದಿಲ್ಲ.

ಅವ್ವ ಆವತ್ತು ಲೋಟ ತೊಳೆದಿಟ್ಟು ಒಳಗೆ ಹೋಗಿ ಮಲಗಿದಳು. ಹಗಲು ಮಲಗುವವಳಲ್ಲ ಅವಳು. ನಾನು ಮೆಲ್ಲಗೆ ಹೋಗಿ ಕೂತು, "ಒಂದ್ಸಲ ಹೋಗಿ ಮಾತಾಡ್ಸ್ಕಂಡು ಬಾರವ್ವ" ಅಂದೆ.

"ನಾ ಮಾತಾಡ್ಸುದ್ರೆ ಅವ್ಳು ಸುಮ್ಕಿರ್ತಾಳ? ಉತ್ರ ಕೊಡ್ತಾಳೆ. ಉತ್ರ ಕೊಟ್ಳು ಅಂದ್ರೆ ಆಣೆ ಅವ್ಳ ಗಂಟ್ಲಿಗೇ ತಾನೆ ಓಗದು? ಮೊದ್ಲೇ ಗೆಡ್ಡೆ ಕಟ್ಕಂಡೈತೆ. ಕುಯ್ಯೋ ಜಾಗ್ದಲ್ಲಿ ಇನ್ನೇನಾರ ಆದ್ರೆ?"

ಆಗ ನನಗೆ ತಿಳಿಯಿತು, ಅವಳಿಗೆ ಹಟವಲ್ಲ, ಭಯ. ಆಣೆ ಗೀಣೆ ಎಲ್ಲ ಸುಳ್ಳು ಎಂದು ಹೇಳಲು ನನಗೂ ಧೈರ್ಯ ಬರಲಿಲ್ಲ. ಆಮೇಲೆ ಏನಾದರೂ ಆಗಿಬಿಟ್ಟರೆ ಎಂದು ನನಗೂ ಒಳಗೊಳಗೆ ಇತ್ತು.

ಇಂಥ ಹೊತ್ತಿನಲ್ಲಿ ಈ ನೇತಾಡುವ ಅಕ್ಷರಗಳು.

ಸಂಜೆ ನನ್ನ ಮಗಳು ವರ್ಷಾ ಹಾಸನದ ಕಾಲೇಜಿನಿಂದ ಬಂದಳು. ಫೋನು ನೋಡಿದ್ದೇ ಕಿಸಕ್ಕನೆ ನಕ್ಕು, ತಲೆ ಒಂದಿಷ್ಟು ವಾರೆ ಮಾಡಿ ಗಡಗಡನೆ ಓದಿಬಿಟ್ಟಳು.

"ಅಕ್ಕ ಊಟ ಆಯ್ತಾ. ಅಷ್ಟೇ ಅಮ್ಮ. ಭವ್ಯಶ್ರೀ ಕಳ್ಸಿರೋದು, ನಂಜಜ್ಜಿ ಮೊಮ್ಮಗಳು. ನಂಜಜ್ಜಿ ಹೇಳಿದ್ನ ಬರ್ದಿದಾಳೆ."

"ನಿಂಗೆ ಅವಳು ಹೆಂಗೆ ಗೊತ್ತು?"

"ಇನ್‌ಸ್ಟಾದಲ್ಲಿ ಎರಡು ವರ್ಷದಿಂದ ಫ್ರೆಂಡು. ಆಣೆ ಮಾಡಿದ್ದು ನೀವು, ನಾವಲ್ಲ."

ಕೆನ್ನೆಗೆ ಬಾರಿಸಬೇಕು ಅನ್ನಿಸಿತು. ಮುದ್ದೂ ಬಂತು. ಅದಿರಲಿ, ಊಟ ಆಯ್ತಾ ಎಂದು ಕೇಳುವುದಕ್ಕೆ ಅಕ್ಷರಗಳನ್ನು ನೇತುಹಾಕುವುದು ಯಾಕೆ? ವರ್ಷಾ ತಿಳಿಸಿ ಹೇಳಿದಳು. ಒಂದು ವೆಬ್‌ಸೈಟ್ ಇದೆಯಂತೆ, ಮೇಲೆ ನೆಟ್ಟಗೆ ಬರೆದರೆ ಕೆಳಗೆ ಮಗುಚಿ ಕೊಡುತ್ತದಂತೆ. ಮಗುಚುವುದೂ ಸುಳ್ಳಂತೆ. ಯಾವ ಯಾವುದೋ ದೇಶದ ಲಿಪಿಯಿಂದ, ಎಲ್ಲೆಲ್ಲಿಯದೋ ಗುರುತುಗಳಿಂದ, ತಲೆಕೆಳಗಾದ ಇಂಗ್ಲಿಷಿನ ಹಾಗೆ ಕಾಣುವ ಅಕ್ಷರಗಳನ್ನು ಹುಡುಕಿ ತಂದು ಸಾಲಾಗಿ ನಿಲ್ಲಿಸುವುದಂತೆ. ಹಾಗಾದರೆ ತಲೆಕೆಳಗಾಗಿ ಕಾಣುವ ಒಂದೊಂದು ಅಕ್ಷರವೂ ತನ್ನ ಊರಿನಲ್ಲಿ ನೆಟ್ಟಗೇ ಇದೆ. ಇದನ್ನು ಕೇಳಿ ನನ್ನ ತಲೆ ಇನ್ನಷ್ಟು ಕೆಟ್ಟಿತು.

"ಕನ್ನಡದಲ್ಲಿ ಮಗುಚಕ್ಕೆ ಬರಲ್ಲ ಅಜ್ಜಿ. ಹಂಗೆ ಕಾಣೋ ಅಕ್ಷರ ಎಲ್ಲೂ ಇಲ್ಲ. ಅದಕ್ಕೆ ಇಂಗ್ಲಿಷಲ್ಲಿ ಕನ್ನಡ ಬರ್ದಿರೋದು."

"ಓ, ಕನ್ನಡ ಮಗುಚಲ್ವಾ" ಎಂದು ಅವ್ವ ಹೆಮ್ಮೆಯಿಂದ ತಲೆಯಾಡಿಸಿದಳು. ನಾಲ್ಕನೇ ಕ್ಲಾಸಿನವರೆಗೆ ಓದಿದವಳು ಅವಳು. ಆಮೇಲೆ ಮುಖ ಸಣ್ಣದು ಮಾಡಿ ಕೇಳಿದಳು: "ನಂಜಿ ಯಾಕಿಂಗೆ ಬರ್ಸವ್ಳಂತೆ?"

"ನೆಟ್ಟಗೆ ಮಾತಾಡಲ್ಲ ಅಂತ ತಾನೆ ಆಣೆ? ಇದು ನೆಟ್ಟಗಿಲ್ವಲ್ಲ ಅಂದ್ರಂತೆ."

ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ನಂಜಮ್ಮನ ತಲೆ ಅಂದರೆ ತಲೆ. ಆದರೆ ಅವ್ವನಿಗೆ ಅಷ್ಟಕ್ಕೆ ಸಮಾಧಾನವಾಗಲಿಲ್ಲ. ಇದು ಮಾತೋ ಅಲ್ಲವೋ ಎಂದು ನನ್ನನ್ನು ಕೇಳಿದಳು. ಗೊತ್ತಿಲ್ಲ ಎಂದೆ. ವರ್ಷಾಳನ್ನು ಕೇಳಿದಳು. ಟೆಕ್ಸ್ಟ್ ಎಂದಳು ಅವಳು. ಟೆಕ್ಸ್ಟ್ ಎಂದರೆ ಮಾತೇನೆ ಎಂದರೆ, ಅಲ್ಲ, ಟೆಕ್ಸ್ಟ್ ಎಂದರೆ ಟೆಕ್ಸ್ಟ್ ಎಂದಳು. ಅಂತೂ ರಾತ್ರಿ ಊಟಕ್ಕೆ ಮುಂಚೆ ಅವ್ವ ಒಂದು ತೀರ್ಮಾನಕ್ಕೆ ಬಂದಳು. ಬಾಯಿಂದ ಹೊರಟು ಕಿವಿಗೆ ಬಿದ್ದರೆ ಮಾತು, ಕಾಲು ಮೇಲಾಗಿ ಬಂದದ್ದು ಮಾತಲ್ಲ.

"ಆಯ್ತು ಅಂತ ಬರೀ. ಅವರೆಕಾಳ್ ಸಾರು ಮುದ್ದೆ ಅಂತ ಬರೀ. ಚೆನ್ನಾಗಿ ಮಗುಚು ಮತ್ತೆ, ಒಂದಕ್ಸರ ನೆಟ್ಟಗಿರಬಾರ್ದು!"

ಬುಧವಾರ, ಗುರುವಾರ ಎರಡು ದಿನ ನಮ್ಮ ಮನೆಯಲ್ಲಿ ಇದೇ ಕೆಲಸ. ಅವ್ವ ಹೇಳುವುದು, ವರ್ಷಾ ಬರೆದು ಮಗುಚುವುದು, ಆಚೆಯಿಂದ ಭವ್ಯಶ್ರೀ ಮಗುಚಿ ಕಳಿಸಿದ್ದನ್ನು ವರ್ಷಾ ಓದುವುದು. ವರ್ಷಾ ಕಾಲೇಜಿಗೆ ಹೋದರೆ ನನ್ನ ಪಾಡು. ಅವ್ವ ಫೋನು ಹಿಡಿದುಕೊಂಡು ಅಂಗನವಾಡಿಗೇ ಬಂದುಬಿಡುತ್ತಿದ್ದಳು. ಫೋನನ್ನು ಕೈಯಲ್ಲಿ ಹಿಡಿದರೆ ತಾನೆ ಅದು ತಿರುಗುವುದು ಎಂದು, ನೆಲದ ಮೇಲೆ ಇಟ್ಟು, ನಾನೇ ಸುತ್ತಿಕೊಂಡು ಹೋಗಿ ಆಚೆ ಬದಿ ನಿಂತು ಬಗ್ಗಿ ಓದುತ್ತಿದ್ದೆ. ಅಂಗನವಾಡಿಯ ಮಕ್ಕಳು ಇದೊಂದು ಆಟವೆಂದು ತಿಳಿದು ನನ್ನ ಹಿಂದೆಯೇ ಸುತ್ತಿದವು.

ಮೆಸೇಜುಗಳಲ್ಲಾದರೂ ಏನಿತ್ತು? ಹಸ ಕರು ಹಾಕಿತಾ. ಹಾಕಿತು, ಹೆಣ್ಣು. ನಿನ್ನ ಮಂಡಿನೋವು ಹೆಂಗಿದೆ. ಹಂಗೇ ಇದೆ. ಸೊಗಡವರೆ ಈ ಸಲ ಸೊಗಡೇ ಇಲ್ಲ. ಇಲ್ಲೂ ಇಲ್ಲ. ಗಂಟಲಿನ ಸುದ್ದಿಯನ್ನು ಇಬ್ಬರೂ ಎತ್ತಲಿಲ್ಲ. ಅಜ್ಜಿಯ ಸುದ್ದಿಯನ್ನೂ ಎತ್ತಲಿಲ್ಲ. ಗುರುವಾರ ಮಧ್ಯಾಹ್ನ ಬಂದದ್ದನ್ನು ನಾನು ಬಗ್ಗಿ ಓದಿದೆ: ಆಸ್ಪತ್ರೆಗೆ ಸೇರಿಸಿಕೊಂಡರು, ಊಟ ಸಪ್ಪೆ. ಅದಕ್ಕೆ ಅವ್ವ ಬರೆಸಿದ ಉತ್ತರ: ಒಂದು ಚೂರು ಉಪ್ಪು ಇಸ್ಕೋ.

ನನಗೆ ರೇಗಿಹೋಯಿತು. ಇರುವುದು ನಾಲ್ಕು ದಿನ. ಆಸ್ಪತ್ರೆ ಇರುವುದು ನಮ್ಮ ಮನೆಯಿಂದ ಅರ್ಧ ಗಂಟೆಯ ದಾರಿ. ಈ ಇಬ್ಬರು ಮುದುಕಿಯರು ಯಾವ ಯಾವುದೋ ದೇಶದ ಅಕ್ಷರ ಸಾಲ ತಂದು ಉಪ್ಪಿನ ವಿಚಾರ ಮಾತಾಡುತ್ತಿದ್ದಾರಲ್ಲ! ಅವ್ವನಿಗೆ ಅದನ್ನೇ ಹೇಳಿದೆ. ಅವಳು ಫೋನನ್ನು ಸೆರಗಿನಲ್ಲಿ ಒರೆಸಿ ಮಡಿಲಲ್ಲಿಟ್ಟುಕೊಂಡಳು.

ಶುಕ್ರವಾರ ಸಂಜೆ ಅವಳೇ ವರ್ಷಾಳನ್ನು ಕೇಳಿದಳು: "ಮಗಾ, ದನೀನೂ ಇಂಗೇ ಮಗುಚಕ್ಕಾಯ್ತದಾ?"

ವರ್ಷಾ ಸ್ವಲ್ಪ ಯೋಚಿಸಿ, ಆಗುತ್ತದೆ, ಹಿಂದುಮುಂದು ಮಾಡುವ ಆ್ಯಪ್ ಇದೆ ಎಂದಳು, ಭವ್ಯಶ್ರೀಗೂ ಹಾಗೇ ಬರೆದಳು. ಹತ್ತು ನಿಮಿಷದಲ್ಲಿ ಭವ್ಯಶ್ರೀಯಿಂದ ಒಂದು ವಾಯ್ಸ್ ಮೆಸೇಜು ಬಂತು. ಅವ್ವ ತಲೆಗೂದಲು ಸರಿಮಾಡಿಕೊಂಡು, ಮನೆಗೆ ಯಾರೋ ಬರುತ್ತಾರೆ ಅನ್ನುವ ಹಾಗೆ ನೆಟ್ಟಗೆ ಕೂತಳು. ವರ್ಷಾ ಒತ್ತಿದಳು.

ಅದು ಏನೆಂದು ಹೇಳಲಿ. ಒಳಕ್ಕೆ ಎಳೆದುಕೊಂಡ ಉಸಿರು, ನುಂಗಿದ ಹಾಗೆ, ಬಿಕ್ಕಳಿಸಿದ ಹಾಗೆ, ಯಾವುದೋ ಭಾಷೆ. ಹೆಂಗಸೋ ಗಂಡಸೋ ಎಂದು ಕೂಡ ತಿಳಿಯಲಿಲ್ಲ.

"ಇದು ನಂಜಿ ಅಲ್ಲ" ಎಂದಳು ಅವ್ವ.

"ನಂಜಜ್ಜೀನೇ. ತಿರುಗಾ ನೆಟ್ಟಗೆ ಮಾಡ್ಲಾ? ಒಂದೇ ಸೆಕೆಂಡು."

"ಬ್ಯಾಡ!" ಎಂದು ಅವ್ವ ಫೋನಿನ ಮೇಲೆ ಎರಡೂ ಕೈ ಮುಚ್ಚಿದಳು. "ನೆಟ್ಟಗೆ ಮಾಡಿದ್ರೆ ಅವ್ಳು ಮಾತಾಡ್ದಂಗೇ ಆಯ್ತದೆ. ಬ್ಯಾಡ ಕಣವ್ವ."

ಆಮೇಲೆ ಅಳತೊಡಗಿದಳು. ಅಜ್ಜಿ ಸತ್ತಾಗಲೂ ಕೋಪದಲ್ಲಿ ಅತ್ತಿರಲಿಲ್ಲ ಅವಳು. ನಾನು, ವರ್ಷಾ ಏನು ಮಾಡಬೇಕೆಂದು ತಿಳಿಯದೆ ಎರಡು ಕಡೆ ಕೂತೆವು. ನನಗೂ ಅಳು ಬಂತು, ಆದರೆ ಯಾರ ಮೇಲೆ ಸಿಟ್ಟು ಮಾಡಬೇಕು ಎನ್ನುವುದು ಮಾತ್ರ ತಿಳಿಯಲಿಲ್ಲ.

ಶನಿವಾರ ನಾನು ಬೀರೇದೇವರ ಗುಡಿಯ ಪೂಜಾರಿ ದೊಡ್ಡಬೀರಯ್ಯನಿಗೆ ಫೋನು ಮಾಡಿದೆ. ಅವನಿಗೆ ಎಂಬತ್ತರ ಹತ್ತಿರ, ಆವತ್ತು ಎರಡು ಕರ್ಪೂರ ಕೊಟ್ಟವನೂ ಅವನೇ. ಎಲ್ಲವನ್ನೂ ಬಿಡಿಸಿ ಹೇಳಿದೆ.

"ವಾಟ್ಸಪ್ಪಿಗೆ ನಮ್ ಗುಡೀಲಿ ಕಟ್ಲೆ ಇಲ್ವಲ್ಲವ್ವ" ಎಂದ. "ಮಗುಚಿ ಬರ್ದ್ರೆ ಮಾತೋ ಅಲ್ವೋ ನಾ ಎಂಗೆ ಯೋಳ್ಳಿ? ದ್ಯಾವ್ರ್ನ ಕೇಳಾನ ಅಂದ್ರೆ ಅವ್ನ್ಗೆ ಇಂಗ್ಲೀಸ್ ಬರಕಿಲ್ಲ."

"ಆಣೆ ಬಿಡಿಸೋಕೆ ದಾರಿ ಇಲ್ವಾ?"

"ಇಬ್ರೂ ಜೊತೆಗೆ ಗುಡೀಗೆ ಬರ್ಲಿ."

"ಚಿಕ್ಕವ್ವ ಆಸ್ಪತ್ರೆ ಸೇರಿದಾಳೆ. ಸೋಮವಾರ ಆಪರೇಷನ್ನು."

"ಅಂಗಾರೆ ಆದ್ಮೇಲೆ ಬರ್ಲಿ ಬುಡು."

"ಆದ್ಮೇಲೆ ಅವಳಿಗೆ ಮಾತೇ ಇರಲ್ಲ ಕಣಯ್ಯ!"

"ಅಯ್ಯೋ ಸಿವನೇ. ಮಾತೇ ಇಲ್ದೋಳ್ಗೆ ಆಣೆ ಯಾತಕ್ಕವ್ವ ಬಿಡ್ಸದು?" ಎಂದು ಅವನು ನನ್ನನ್ನೇ ಕೇಳಿದ. ನಾನು ಫೋನಿಟ್ಟೆ.

ಫೋನು ಸ್ಪೀಕರಿನಲ್ಲಿತ್ತು. ಅವ್ವ ಬಾಗಿಲಲ್ಲಿ ನಿಂತು ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಹಿತ್ತಿಲಿಗೆ ಹೋಗಿ ಕರುವಿನ ಮೈ ತಿಕ್ಕುತ್ತ ನಿಂತಳು.

ಭಾನುವಾರ ಬೆಳಿಗ್ಗೆ ನಾನು ರೊಟ್ಟಿ ತಟ್ಟುತ್ತಿದ್ದೆ. ಅವ್ವ ಒಲೆಯ ಮುಂದೆ ಬಂದು ಕುಕ್ಕರಗಾಲಲ್ಲಿ ಕೂತಳು. ಕಣ್ಣು ಕೆಂಪಾಗಿದ್ದವು.

"ಭಾಗ್ಯ, ಆಣೆ ಏನಂತ?"

"ಮಾತಾಡಿದವಳ ಗಂಟಲು ಕಟ್ಟಲಿ ಅಂತ."

"ನಾ ಮಾತಾಡಿದ್ನ?"

"ಇಲ್ಲ."

"ನಂಜಿ ಮಾತಾಡಿದ್ಳ?"

"ಅವಳೂ ಇಲ್ಲ."

"ಅನ್ನೊಂದು ವರ್ಸ ಇಬ್ರೂ ಬಾಯಿ ಬಿಗ್ದಿಡ್ಕಂಡ್ವಿ. ಆದ್ರೂ ಅವ್ಳ ಗಂಟ್ಲು ಕಟ್ತಲ್ಲೇ." ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು. ಸಂತೆಯಲ್ಲಿ ಕೈಬಿಟ್ಟುಹೋದ ಮಗುವಿನ ಮುಖ. "ಅಂಗಾದ್ರೆ ಅವತ್ತು ದ್ಯಾವ್ರು ನಮ್ ಮಾತ ಕೇಳುಸ್ಕಂಡೇ ಇಲ್ಲ ಕಣೇ. ನಾವೇ ಸುಮ್ಕೆ..."

ಎದ್ದು ಹೋಗಿ ಸೀರೆ ಬದಲಾಯಿಸಿದಳು. ನಾನು ಹಂಚಿನ ಮೇಲಿದ್ದ ರೊಟ್ಟಿಯನ್ನು ಹಾಗೇ ಬಿಟ್ಟು ಒಲೆ ಆರಿಸಿದೆ.

ಬಸ್ಸು ಹಿಡಿದು ಹಾಸನದಲ್ಲಿ ಇಳಿದ ಮೇಲೆ ಆಸ್ಪತ್ರೆಯಲ್ಲಿ ದಾರಿ ತಪ್ಪಿತು. ಮೂರನೇ ಮಹಡಿ ಎಂದರು, ಹೋದರೆ ಮಕ್ಕಳ ವಾರ್ಡು. ಎಡಕ್ಕೆ ಎಂದರು, ಹೋದರೆ ಎಕ್ಸ್‌ರೇ. ಬಾಣದ ಗುರುತು ತೋರಿಸಿದ ಕಡೆ ಹೋದರೆ ಹತ್ತಿಬಂದ ಮೆಟ್ಟಿಲೇ ಸಿಕ್ಕಿತು. ಅವ್ವ ನನ್ನ ತೋಳು ಗಟ್ಟಿಯಾಗಿ ಹಿಡಿದಿದ್ದಳು. ಕೊನೆಗೆ ಕಾರಿಡಾರಿನ ತುದಿಯಲ್ಲಿ ಒಬ್ಬಳು ಹುಡುಗಿ ನಮ್ಮನ್ನು ನೋಡಿ ಬಾಯಿ ತೆರೆದು ನಿಂತುಬಿಟ್ಟಳು. ಭವ್ಯಶ್ರೀ. ಅವಳ ಹಿಂದೆ ವಾರ್ಡಿನೊಳಗೆ, ಕಿಟಕಿಯ ಪಕ್ಕದ ಮಂಚದಲ್ಲಿ ನಂಜಮ್ಮ.

ಎಷ್ಟು ಸಣ್ಣಗಾಗಿದ್ದಳು! ಹಸಿರು ಹೊದಿಕೆಯ ಕೆಳಗೆ ಮೈಯೇ ಇಲ್ಲದ ಹಾಗೆ. ಅವ್ವನನ್ನು ನೋಡಿದವಳೇ ಬಾಯಿಯ ಮೇಲೆ ಕೈ ಅಡ್ಡ ಇಟ್ಟುಕೊಂಡಳು. ಬೇಡ, ಬೇಡ ಎಂದು ತಲೆಯಾಡಿಸಿದಳು. ಅವಳಿಗೂ ಅದೇ ಭಯ. ಅವ್ವನ ಗಂಟಲು ಕಟ್ಟಿಬಿಡುತ್ತದೆ ಎಂದು.

ಅವ್ವ ಹತ್ತಿರ ಹೋಗಿ ಆ ಕೈಯನ್ನು ಹಿಡಿದು ಕೆಳಗಿಳಿಸಿದಳು. ಚೆನ್ನಾಗಿದ್ದೀಯಾ ಎಂದು ಕೇಳುತ್ತಾಳೆ ಅಂದುಕೊಂಡೆ. ಸಮಾಧಾನ ಹೇಳುತ್ತಾಳೆ ಅಂದುಕೊಂಡೆ.

"ಅವ್ವನ ಮಕ ಯಾಕೆ ತೋರಿಸ್ಲಿಲ್ವೇ ನಂಗೆ?" ಎಂದಳು.

ಇಡೀ ವಾರ್ಡು ನಮ್ಮ ಕಡೆ ತಿರುಗಿತು. ನನಗೆ ನೆಲ ಬಿರಿಯಬಾರದೇ ಅನ್ನಿಸಿತು. ನಾಳೆ ಆಪರೇಷನ್ ಇಟ್ಟುಕೊಂಡವಳನ್ನು ಕೇಳುವ ಮಾತೇ ಇದು? ನಾನು ಅವ್ವನ ಭುಜ ಹಿಡಿದು ಹಿಂದಕ್ಕೆ ಎಳೆದೆ. ಅವಳು ಕೊಡವಿಕೊಂಡಳು.

ನಂಜಮ್ಮ ಎದ್ದು ಕೂತಳು. ದನಿ ಬಂತು. ಒಡೆದ ದನಿ, ಗೊರಗೊರ, ಒಂದೊಂದು ಮಾತಿಗೂ ಕತ್ತಿನ ನರ ಉಬ್ಬುತ್ತಿತ್ತು. ಆದರೂ ನೆಟ್ಟಗಿನ ದನಿ, ಅವಳದೇ ದನಿ.

"ಮಕ ಎಲ್ಲಿತ್ತೇ ತೋರ್ಸಕ್ಕೆ? ಉಬ್ಕಂಡಿತ್ತು ಕಣಕ್ಕ. ಕಪ್ಪಾಗೋಗಿತ್ತು. ನಂಗೇ ಗುರ್ತು ಸಿಗ್ಲಿಲ್ಲ. ನೀನು ಅವ್ವನ ಮುದ್ದಿನ ಮಗ್ಳು, ನೀ ಅದ್ನ ನೋಡ್ಬಾರ್ದು ಅಂತ ನಾನೇ ಬಿರಬಿರ್ನೆ ಮಣ್ಣಾಕ್ಸ್ದೆ."

ಅವ್ವ ನಿಂತೇ ಇದ್ದಳು.

"ಅದ್ನ ಅವತ್ತೇ ಯೋಳಕ್ಕೆ ಏನಾಗಿತ್ತೇ ನಿಂಗೆ?"

"ಯೋಳಕ್ಕೆ ಬುಟ್ಯಾ ನೀನು? ಸೀದಾ ಗುಡೀಗೋಗಿ ಕರ್ಪೂರ ಅಚ್ದೆ! ಬಾಯಾರಾ ತೆಗೀಲಿ ಅಂತ ಒಂದ್ಗಳ್ಗೆ ಕಾದ್ಯಾ? ಮೊದ್ಲಿಂದ್ಲೂ ಅಂಗೇ ನೀನು. ಅವ್ವಂತಾವ್ಲೂ ಅಂಗೇ. ನಿಂದೇ ನಿಂಗೆ..."

ಕೆಮ್ಮು ಬಂತು. ಭವ್ಯಶ್ರೀ ನೀರು ಹಿಡಿದಳು. ಎರಡು ಗುಟುಕು ಕುಡಿದು ನಂಜಮ್ಮ ಮತ್ತೆ ಶುರುಮಾಡಿದಳು. ಅವ್ವ ಮದುವೆಯಾಗಿ ಹೋದ ವರ್ಷದಿಂದ ಹಿಡಿದು ಒಂದೊಂದಾಗಿ ತೆಗೆದಳು. ಯಾರ ಸೀಮಂತಕ್ಕೆ ಬರಲಿಲ್ಲ, ಯಾವ ಹಬ್ಬಕ್ಕೆ ಮುಖ ತಿರುಗಿಸಿಕೊಂಡು ಹೋದಳು, ಎಲ್ಲ. ನಾನು ಮಧ್ಯೆ ನಿಂತು, ಇದು ಜಗಳವೋ, ರಾಜಿಯೋ, ಯಾರನ್ನು ಸುಮ್ಮನಿರಿಸಬೇಕೋ ತಿಳಿಯದೆ ಒಬ್ಬರ ಮುಖದಿಂದ ಇನ್ನೊಬ್ಬರ ಮುಖಕ್ಕೆ ನೋಡುತ್ತಿದ್ದೆ.

ಗಲಾಟೆ ಕೇಳಿ ನರ್ಸು ಓಡಿಬಂದಳು. "ಏನಜ್ಜಿ ಇದು! ಪೇಷೆಂಟ್ ಕೈಲಿ ಮಾತಾಡಿಸ್ತೀರಲ್ಲ, ಗಂಟಲಿಗೆ ನೋವಾಗುತ್ತೆ. ಹೊರಗೆ ಬನ್ನಿ ನೀವು."

ಅವ್ವ ಹೊರಗೆ ಹೋಗಲಿಲ್ಲ. ಮೂಲೆಯಲ್ಲಿದ್ದ ಸ್ಟೂಲನ್ನು ದರದರನೆ ಎಳೆದು ತಂದು, ತಂಗಿಯ ಬಾಯಿಗೆ ಕಿವಿ ತಾಗುವಷ್ಟು ಹತ್ತಿರಕ್ಕೆ ಹಾಕಿಕೊಂಡು ಕೂತಳು. ನಂಜಮ್ಮನ ಎರಡೂ ಕೈಗಳನ್ನು ತನ್ನ ಮಡಿಲಿಗೆ ಎಳೆದುಕೊಂಡಳು.

"ಬೈಲಿ ಬುಡವ್ವ" ಎಂದಳು ನರ್ಸಿಗೆ. "ನಾಳೆ ಬೆಳಗಾಗಗಂಟ ಬೈಲಿ. ನಾ ಕೇಳ್ಕಂಡು ಇಲ್ಲೇ ಕುಂತಿರ್ತೀನಿ."